ಡುಲ್ಸಿನ್ ಬರೆದ ಇಪ್ಪತ್ತೇಳು

ಡುಲ್ಸಿನ್ ಕ್ಯಾಸ್ತೆಲಿನೊ ಬೆಳ್ಮಣ್ಣಿನಿಂದ ಉಡುಪಿಗೆ ಹೋಗುವ ಬೆಳಗ್ಗಿನ ಬಸ್ಸಿನಲ್ಲಿ ಇಪ್ಪತ್ತೊಂದು ವರ್ಷ ಓಡಾಡಿದವರು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ನೂರಿಪ್ಪತ್ತು ಹಾಸಿಗೆಯ ಒಂದು ಆಸ್ಪತ್ರೆ. ಹೆಸರು ಇಲ್ಲಿ ಬೇಡ. ಅಲ್ಲಿ ಅವರು ಹೊರರೋಗಿಗಳ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದರು. ಹುಟ್ಟಿದ್ದು ಇನ್ನಂಜೆಯಲ್ಲಿ, ಮದುವೆಯಾಗಿ ಬಂದದ್ದು ಬೆಳ್ಮಣ್ಣಿಗೆ. ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆಸ್ಪತ್ರೆಗೆ ಬಂದ ಮೇಲೆ ಕರಾವಳಿಯ ಮುಸ್ಲಿಮರ ಬ್ಯಾರಿ ಮಾತೂ ಕೆಲಸಕ್ಕೆ ಬೇಕಾದಷ್ಟು ಬಂತು. ಕಿಟಕಿಯ ಮುಂದೆ ನಿಂತವರು ಬಾಯಿ ತೆರೆಯುವ ಮೊದಲೇ ಅವರ ಮನೆಮಾತು ಯಾವುದೆಂದು ಡುಲ್ಸಿನ್‌ಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಕೇಳಿದರೆ ಅವರಿಗೇ ಹೇಳಲು ಬರುತ್ತಿರಲಿಲ್ಲ.

ಈ ಗುಣಕ್ಕಾಗಿಯೇ ಡಾಕ್ಟರ್ ಸಂಹಿತಾ ರೋಗಿಗಳನ್ನು ಪ್ರಶ್ನೆ ಕೇಳುವ ಕೆಲಸಕ್ಕೆ ಡುಲ್ಸಿನ್‌ರನ್ನು ಆರಿಸಿಕೊಂಡದ್ದು. ಸಂಹಿತಾ ಅರಿವಳಿಕೆ ಕೊಡುವ ವೈದ್ಯೆ, ವಯಸ್ಸು ಮೂವತ್ತೈದು ದಾಟಿರಲಿಲ್ಲ. ಆಪರೇಷನ್ನಿಗೆ ಮೊದಲು ರೋಗಿಗೆ ಎಷ್ಟು ಭಯ ಇರುತ್ತದೆ, ಮನೆಗೆ ಹೋಗುವಾಗ ಆಸ್ಪತ್ರೆಯ ಬಗ್ಗೆ ಏನನ್ನಿಸಿರುತ್ತದೆ, ಇವೆರಡನ್ನೂ ಅಳೆದು ನೋಡುವ ಒಂದು ಅಧ್ಯಯನ ಅವರು ಹಿಡಿದಿದ್ದರು. ಮೊದಲನೆಯದಕ್ಕೆ ಇಪ್ಪತ್ತು ಪ್ರಶ್ನೆ. ಎದೆ ಹೊಡೆದುಕೊಳ್ಳುತ್ತದೆಯೇ, ಊಟ ಸೇರುತ್ತದೆಯೇ, ಕೆಟ್ಟ ಯೋಚನೆ ಬಂದು ಹೋಗದೆ ನಿಲ್ಲುತ್ತದೆಯೇ ಎಂಬಂಥವು. ಏನೂ ಇಲ್ಲವೆಂದರೆ ಒಂದು ಅಂಕ, ತುಂಬಾ ಎಂದರೆ ನಾಲ್ಕು. ಒಟ್ಟು ನಲವತ್ತೈದು ದಾಟಿದರೆ ಫೈಲಿಗೆ ಕೆಂಪು ಚೀಟಿ ಅಂಟಿಸಬೇಕು. ಕೆಂಪು ಚೀಟಿ ಇದ್ದವರ ಹತ್ತಿರ ಆಪ್ತಸಮಾಲೋಚಕಿ ಬಂದು ಕೂರುತ್ತಿದ್ದರು. ಸಂಹಿತಾ ಕೂಡ ಹಿಂದಿನ ಸಂಜೆ ಬಂದು ಏನು ಮಾಡುತ್ತೇವೆ, ಎಷ್ಟು ಹೊತ್ತು, ಎಚ್ಚರವಾದಾಗ ಹೇಗಿರುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು.

ಮೊದಲ ವಾರ ಫಾರ್ಮಿನಲ್ಲಿದ್ದ "ಉದ್ವಿಗ್ನತೆ" ಎಂಬ ಶಬ್ದ ಯಾರ ತಲೆಗೂ ಹತ್ತಲಿಲ್ಲ. ಕಾರ್ಕಳದ ಧರ್ಮಪಾಲ ಎಂಬ ನಿವೃತ್ತ ಮೇಸ್ಟ್ರು ಹರ್ನಿಯಾ ಆಪರೇಷನ್ನಿಗೆ ಬಂದವರು, "ಉದ್ವಿಗ್ನವಾ? ಎಲ್ಲಿ, ಪೇಟೆಯಲ್ಲಿ ಗಲಾಟೆ ಉಂಟಾ?" ಎಂದು ಕೇಳಿದ್ದರು. ಪತ್ರಿಕೆಯಲ್ಲಿ ಆ ಶಬ್ದ ಬರುವುದೇ ಹಾಗೆ. ಡುಲ್ಸಿನ್ ಇದನ್ನು ಹೋಗಿ ಹೇಳಿದಾಗ ಸಂಹಿತಾ ನಕ್ಕು, ಇಪ್ಪತ್ತು ಪ್ರಶ್ನೆಗಳನ್ನೂ ಅವರ ಜೊತೆ ಕೂತು ತುಳುವಿನಲ್ಲಿ, ಕೊಂಕಣಿಯಲ್ಲಿ ಹೊಸದಾಗಿ ಬರೆದರು. ತುಳುವಿಗೆ "ಪೋಡಿಗೆ" ಎಂದು ಇಡುವ, ಎಲ್ಲರಿಗೂ ಗೊತ್ತಿರುವ ಭಯ ಅದೇ ಎಂದದ್ದು ಡುಲ್ಸಿನ್. ಅಧ್ಯಯನದ ಮೊದಲ ಪುಟದಲ್ಲಿ ಅವರ ಹೆಸರೂ ಬಂತು. ಆ ಪುಟವನ್ನು ಅವರು ಮನೆಗೆ ತಂದು ಗಂಡ ಬೆಂಜಮಿನ್‌ಗೆ ತೋರಿಸಿದರು. ಕುವೈತಿನಲ್ಲಿ ಹದಿನೆಂಟು ವರ್ಷ ದುಡಿದು ಬಂದಿದ್ದ ಬೆಂಜಮಿನ್ ಕನ್ನಡಕ ಹಾಕಿ ಎರಡು ಸಲ ಓದಿದರು.

ಆಮೇಲೆ ನಡೆದದ್ದು ಅಕ್ಟೋಬರಿನ ಒಂದು ಗುರುವಾರ.

ಆ ದಿನ ಡುಲ್ಸಿನ್‌ಗೆ ಹನ್ನೊಂದು ಜನರನ್ನು ಕೇಳಲಿಕ್ಕಿತ್ತು. ಸಂಜೆ ಕಾಪುವಿನಲ್ಲಿ ಅಣ್ಣನ ಮಗಳು ಡೈನಾಳ ರೋಸ್, ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಸೋದರತ್ತೆ ತಡವಾಗಿ ಬಂದರೆ ಮಾತು ಬರುತ್ತದೆ. ಮೂರು ಗಂಟೆಗೆ ಹೊರಡುತ್ತೇನೆಂದು ಅವರು ಮೊದಲೇ ಹೇಳಿಟ್ಟಿದ್ದರು. ಎರಡೂವರೆಗೆ ಹನ್ನೊಂದನೆಯವರ ಹಾಸಿಗೆಗೆ ಬಂದರು.

ಹಾಸಿಗೆಯಲ್ಲಿದ್ದವರು ಹೂಡೆಯ ಸುಂದರ. ಐವತ್ತೆಂಟು ವರ್ಷ. ಹೊಳೆಯಲ್ಲಿ ಮುಳುಗಿ ಮರುವಾಯಿ ಹೆಕ್ಕುವುದು ಅವರ ಕೆಲಸ. ಚಿಪ್ಪಿನೊಳಗೆ ಮಾಂಸ ಇರುವ ಅದನ್ನು ಉಡುಪಿಯ ಮೀನು ಮಾರ್ಕೆಟ್ಟಿಗೆ ಕೊಡುತ್ತಿದ್ದರು. ಚಿಪ್ಪು ತಾಗಿದ ಗಾಯ ಸಕ್ಕರೆ ಕಾಯಿಲೆಯಿಂದ ಮಾಯದೆ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಅವನ್ನು ಮರುದಿನ ತೆಗೆಯುವುದೆಂದು ನಿಶ್ಚಯವಾಗಿತ್ತು. ಪಕ್ಕದಲ್ಲಿ ಮಗಳು ಚೈತಾಲಿ ನಿಂತಿದ್ದಳು.

ಡುಲ್ಸಿನ್ ತುಳುವಿನಲ್ಲಿ ಕೇಳತೊಡಗಿದರು. ಮೊದಲ ಪ್ರಶ್ನೆಗೆ ಸುಂದರ "ಎಂತ ಇಲ್ಲ" ಎಂದರು. ಎರಡನೆಯದಕ್ಕೂ, ಮೂರನೆಯದಕ್ಕೂ ಅದೇ.

"ಅಪ್ಪನಿಗೆ ಭಯ ಅಂತ ಇಲ್ಲವೇ ಇಲ್ಲ ಆಂಟಿ," ಎಂದಳು ಚೈತಾಲಿ. "ನೆರೆಯ ನೀರಿಗೇ ಇಳಿಯುವವರು."

ನಾಲ್ಕನೆಯ ಪ್ರಶ್ನೆಗೆ ಸುಂದರ ಉತ್ತರ ಕೊಡಲಿಲ್ಲ. ಮಗಳು ನೀರಿನ ಬಾಟಲಿ ತುಂಬಿಸಲು ಹೋಗುವವರೆಗೆ ಕಾದು, ಕ್ರೈಸ್ತ ಹೆಂಗಸರನ್ನು ಊರಿನವರು ಕರೆಯುವಂತೆ ಕರೆದು, ತಗ್ಗಿದ ದನಿಯಲ್ಲಿ ಕೇಳಿದರು: "ಬಾಯಮ್ಮ, ತೆಗೆದ ಬೆರಳನ್ನು ಅವರು ಎಂತ ಮಾಡುತ್ತಾರೆ? ಎಲ್ಲಿ ಹಾಕುತ್ತಾರೆ?"

ಡುಲ್ಸಿನ್ ಗಡಿಯಾರ ನೋಡಿದರು. "ಅದೆಲ್ಲ ಡಾಕ್ಟ್ರು ಹೇಳುತ್ತಾರೆ. ನೀವು ತಲೆ ಕೆಡಿಸಿಕೊಳ್ಳಬೇಡಿ," ಎಂದು ಅವರ ಕೈಯನ್ನು ಒಮ್ಮೆ ತಟ್ಟಿ ಎದ್ದರು.

ಉಳಿದ ಹದಿನೇಳು ಪ್ರಶ್ನೆಗಳನ್ನು ಅವರು ತಮ್ಮ ಮೇಜಿನಲ್ಲಿ ಕೂತು ತುಂಬಿಸಿದರು. ಎಲ್ಲದಕ್ಕೂ ಒಂದೇ ಹಾಕಿದರೆ ಯಾರಾದರೂ ಗಮನಿಸಿಯಾರು ಎಂದು ಅಲ್ಲಲ್ಲಿ ಎರಡು ಬರೆದರು. ಕೂಡಿಸಿದಾಗ ಇಪ್ಪತ್ತೇಳು ಬಂತು. ಕೆಳಗೆ "ಆತಂಕ ಕಡಿಮೆ, ಸಮಾಲೋಚನೆ ಅಗತ್ಯವಿಲ್ಲ" ಎಂದು ಬರೆದು ಸಹಿ ಹಾಕಿ, ಮೂರು ಗಂಟೆಗೆ ಹೊರಟರು. ಬಸ್ಸಿನಲ್ಲಿ ಅದರ ನೆನಪೇ ಬರಲಿಲ್ಲ. ಡೈನಾಳ ಕೆನ್ನೆಗೆ ತೆಂಗಿನ ಹಾಲು ಹಚ್ಚುವಾಗ ಎಲ್ಲರಿಗಿಂತ ದೊಡ್ಡದಾಗಿ ನಕ್ಕದ್ದು ತಾನೇ ಎಂದು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡರು.

ಶುಕ್ರವಾರ ಅವರಿಗೆ ರಜೆ. ಶನಿವಾರ ಬಂದಾಗ ನರ್ಸ್ ಒಬ್ಬರು ಸುದ್ದಿ ಹೇಳಿದರು. ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಚೈತಾಲಿ ಚಹಾ ತರಲು ಕ್ಯಾಂಟೀನಿಗೆ ಹೋಗಿದ್ದಾಗ ಸುಂದರ ಹಾಸಿಗೆ ಬಿಟ್ಟು ಎದ್ದು ಹೋಗಿದ್ದರು. ಬ್ಯಾಂಡೇಜು ಸುತ್ತಿದ ಕಾಲಿನಲ್ಲಿ, ಚಪ್ಪಲಿಯೂ ಇಲ್ಲದೆ, ಮುಖ್ಯರಸ್ತೆಯವರೆಗೆ ನಡೆದು ಬಸ್ಸು ಹತ್ತಿದ್ದರು. ಆಸ್ಪತ್ರೆಯಿಂದ ಫೋನ್ ಮಾಡಿದರೆ ಮನೆಯವರು ತೆಗೆದು, ಅವರು ಬರುವುದಿಲ್ಲವಂತೆ ಎಂದಷ್ಟೇ ಹೇಳಿದರು.

"ಬರುತ್ತಾರೆ, ನೋವು ಜಾಸ್ತಿಯಾದರೆ ಬಾರದೆ ಎಲ್ಲಿಗೆ ಹೋಗುತ್ತಾರೆ," ಎಂದರು ನರ್ಸ್.

ಬಂದದ್ದು ಏಳು ವಾರ ಕಳೆದು, ಡಿಸೆಂಬರಿನಲ್ಲಿ. ಅಷ್ಟು ದಿನ ಯಾರೋ ಕೊಟ್ಟ ಎಲೆಮದ್ದು ಕಟ್ಟಿಕೊಂಡಿದ್ದರು. ಜ್ವರ ಬಂದು ಮಾತು ತಡವರಿಸಿದ ಮೇಲೆ ಚೈತಾಲಿಯೇ ರಿಕ್ಷಾದಲ್ಲಿ ಹಾಕಿಕೊಂಡು ಬಂದಳು. ಕೇಳುವ ಹೇಳುವ ಹೊತ್ತು ಆಗ ಇರಲಿಲ್ಲ. ಅದೇ ದಿನ ಎಡಗಾಲನ್ನು ಮೊಣಕಾಲಿನ ಕೆಳಗಿನಿಂದ ತೆಗೆದರು.

ಡುಲ್ಸಿನ್ ದಾಖಲಾದವರ ಪಟ್ಟಿಯಲ್ಲಿ ಸುಂದರರ ಹೆಸರು ನೋಡಿದರು. ಹಳೆಯ ಫಾರ್ಮುಗಳ ಪೆಟ್ಟಿಗೆ ತೆರೆದು ಅಕ್ಟೋಬರಿನದನ್ನು ಹುಡುಕಿ ತೆಗೆದರು. ತಮ್ಮದೇ ಅಕ್ಷರ, ಉರುಟಾಗಿ, ಚೆಂದವಾಗಿ ಇತ್ತು. ಯಾವ ಪ್ರಶ್ನೆಗೆ ಯಾಕೆ ಎರಡು ಬರೆದೆ ಎಂದು ನೆನಪಾಗಲಿಲ್ಲ, ಯಾಕೆಂದರೆ ಕಾರಣವೇ ಇರಲಿಲ್ಲ. ನಾಲ್ಕನೆಯ ಪ್ರಶ್ನೆಯ ಮುಂದೆ "ಒಂದು" ಎಂದಿತ್ತು.

ಮನೆಯಲ್ಲಿ ಬೆಂಜಮಿನ್‌ಗೆ ಹೇಳಿದರು. ಅವರು ಹಿತ್ತಲಿನಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ಫಾರ್ಮ್ ತುಂಬಿಸಿದ್ದಕ್ಕೆ ಅವನ ಕಾಲು ಹೋದದ್ದಾ? ಸಕ್ಕರೆ ಕಾಯಿಲೆಗೆ ಹೋದದ್ದು," ಎಂದರು ಬೆಂಜಮಿನ್. "ಎಲ್ಲ ಆಫೀಸಿನಲ್ಲೂ ಹೀಗೇ ತುಂಬಿಸುವುದು, ಡುಲ್ಸಿ. ಕುವೈತಿನಲ್ಲಿ ನಾವು ಬೆಂಕಿ ನಂದಿಸುವ ಸಿಲಿಂಡರ್ ನೋಡದೆಯೇ ನೋಡಿದೆವೆಂದು ಬರೆಯುತ್ತಿದ್ದೆವು."

"ಬೆಂಕಿ ಬಿದ್ದಿತ್ತಾ?"

ಬೆಂಜಮಿನ್ ಇನ್ನೊಂದು ಕಾಯಿ ಎತ್ತಿಕೊಂಡರು. "ಇಲ್ಲ," ಎಂದರು.

ಕ್ರಿಸ್ಮಸ್ಸಿಗೆ ಮೊದಲು ಎಲ್ಲರೂ ಪಾಪನಿವೇದನೆಗೆ ಹೋಗುತ್ತಾರೆ. ಡುಲ್ಸಿನ್ ಇಗರ್ಜಿಯಲ್ಲಿ ಮಂಡಿಯೂರಿ, "ಕೆಲಸದಲ್ಲಿ ಒಂದು ಸುಳ್ಳು ಬರೆದೆ, ಫಾದರ್," ಎಂದರು. ಫಾದರ್ ವಯಸ್ಸಾದವರು, ಸಾಲಿನಲ್ಲಿ ಇನ್ನೂ ಐವತ್ತು ಜನ. ಇನ್ನು ಮುಂದೆ ಪ್ರಾಮಾಣಿಕಳಾಗಿರು ಎಂದು ಹೇಳಿ ಪ್ರಾಯಶ್ಚಿತ್ತಕ್ಕೆ ಮೂರು ಪ್ರಾರ್ಥನೆ ಕೊಟ್ಟರು. ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಡುಲ್ಸಿನ್‌ಗೆ ತಾನು ಫಾದರಿಗೂ ಇಪ್ಪತ್ತೇಳು ಎಂದೇ ಹೇಳಿದೆ ಅನ್ನಿಸಿತು. ಹೇಳಿದ್ದು ಸುಳ್ಳಲ್ಲ, ಆದರೆ ಅದರ ತೂಕವನ್ನು ಹೇಳಿರಲಿಲ್ಲ.

ಅದರ ಮುಂದಿನ ವಾರ ಅಧ್ಯಯನದವರ ಸಭೆ ಇತ್ತು. ಆರೇಳು ಜನ, ಚಹಾ, ಗೋಳಿಬಜೆ. ಸಂಹಿತಾ ಎದ್ದು ನಿಂತು ಒಂದು ವಿಷಯ ತನ್ನನ್ನು ತುಂಬಾ ಕಾಡುತ್ತಿದೆ ಎಂದರು. ಹೆಸರು ಹೇಳದೆ ಸುಂದರರ ಕತೆ ಹೇಳಿದರು. "ಅಂಕ ಇಪ್ಪತ್ತೇಳು. ನಮ್ಮ ಪಟ್ಟಿಯಲ್ಲೇ ಅತಿ ಕಡಿಮೆ ಇರುವವರಲ್ಲಿ ಒಬ್ಬರು. ಮರುದಿನ ಬೆಳಗ್ಗೆ ಓಡಿಹೋಗಿದ್ದಾರೆ. ಅಂದರೆ ಈ ಪ್ರಶ್ನೆಗಳು ಭಯವನ್ನು ಅಳೆಯುವುದೇ ಇಲ್ಲವೇನೋ. ನಾವು ತುಳುವಿಗೆ ತಂದದ್ದರಲ್ಲೇ ತಪ್ಪಿರಬಹುದು. ಅಥವಾ ಈ ಕಡೆಯ ಗಂಡಸರು ಭಯವನ್ನು ಹೇಳಿಕೊಳ್ಳುವುದಿಲ್ಲ ಎಂದೂ ಇರಬಹುದು."

ಒಬ್ಬರು ತಲೆಯಾಡಿಸಿ, ಹೌದು, ಗಂಡಸರು ಹೇಳುವುದಿಲ್ಲ ಎಂದರು. ಇನ್ನು ನಾಲ್ವರು ಅದನ್ನು ಬರೆದುಕೊಂಡರು. ಡುಲ್ಸಿನ್ ಕೈಯಲ್ಲಿದ್ದ ಗೋಳಿಬಜೆಯನ್ನು ತಿನ್ನಲೂ ಆಗದೆ ಇಡಲೂ ಆಗದೆ ಕೂತಿದ್ದರು. ಆ ಮನುಷ್ಯ ಹೇಳಲು ಬಾಯಿ ತೆರೆದಿದ್ದ, ಕೇಳುವವಳು ಎದ್ದು ಹೋದಳು ಎಂಬುದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಸುಳ್ಳು ಈಗ ಪೆಟ್ಟಿಗೆಯಲ್ಲಿ ಇರಲಿಲ್ಲ. ನಾಲ್ಕು ಜನರ ನೋಟ್ ಪುಸ್ತಕಕ್ಕೆ ಹೋಗಿತ್ತು. ಆದರೂ ಅವರು ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಸುಂದರರೇ.

ಜನವರಿಯ ಮೊದಲ ವಾರ ಅವರನ್ನು ಮನೆಗೆ ಕಳುಹಿಸುವ ದಿನ ಡುಲ್ಸಿನ್ ಎರಡನೆಯ ಫಾರ್ಮು ಹಿಡಿದು ಹೋಗಬೇಕಾಯಿತು. ಆಸ್ಪತ್ರೆಯ ಅನುಭವ ಕೇಳುವ ಫಾರ್ಮು. ಒಂದರಿಂದ ಐದರವರೆಗೆ ಅಂಕ. ಬೇರೆಯವರನ್ನು ಕಳುಹಿಸಲು ನೋಡಿದರು, ಆ ಹೊತ್ತಿಗೆ ಬಿಡುವಿದ್ದವರು ಯಾರೂ ಸಿಗಲಿಲ್ಲ. ಸುಂದರ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮೊಣಕಾಲಿನ ಮೇಲೆ ಲುಂಗಿ ಮಡಚಿ ಸಿಕ್ಕಿಸಿತ್ತು.

ಸ್ವಚ್ಛತೆ ಹೇಗಿತ್ತು? ಐದು. ಊಟ? ಐದು. ನೋವಿಗೆ ಔಷಧಿ ಸಮಯಕ್ಕೆ ಕೊಟ್ಟರೇ? ಐದು.

ಆರನೆಯ ಪ್ರಶ್ನೆ, ನಿಮ್ಮ ಮಾತನ್ನು ಇಲ್ಲಿಯವರು ಕಿವಿಗೊಟ್ಟು ಕೇಳಿದರೇ ಎಂದು. ಡುಲ್ಸಿನ್ ಅದನ್ನು ಓದಲು ಹಿಂಜರಿದರು. ಆದರೂ ಓದಿದರು.

"ಐದು ಹಾಕಿ," ಎಂದರು ಸುಂದರ. "ನೀವೇ ಬಂದು ಕೇಳಿದ್ದೀರಲ್ಲ ಬಾಯಮ್ಮ, ಆ ದಿನ. ಕೈ ಮುಟ್ಟಿ ಮಾತಾಡಿಸಿದ್ದೀರಿ. ಬೇರೆ ಯಾರು ಹಾಗೆ ಕೇಳುತ್ತಾರೆ?"

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಡುಲ್ಸಿನ್ ಆ ಸಾಲನ್ನು ಖಾಲಿ ಬಿಟ್ಟು, ಫಾರ್ಮನ್ನು ಮಡಚಿ, ನೇರವಾಗಿ ಸಂಹಿತಾರ ಕೋಣೆಗೆ ಹೋದರು.

"ಮೇಡಂ, ಆ ಇಪ್ಪತ್ತೇಳು ಅವರದ್ದಲ್ಲ. ನಾನು ಬರೆದದ್ದು."

ಸಂಹಿತಾಗೆ ಮೊದಲು ಅರ್ಥವಾಗಲಿಲ್ಲ. ಡುಲ್ಸಿನ್ ನಿಂತೇ ಎಲ್ಲವನ್ನೂ ಹೇಳಿದರು. ರೋಸಿಗೆ ಹೋಗಲಿಕ್ಕಿದ್ದದ್ದು, ನಾಲ್ಕನೆಯ ಪ್ರಶ್ನೆಯಲ್ಲಿ ಎದ್ದದ್ದು, ಬೆರಳನ್ನು ಎಂತ ಮಾಡುತ್ತಾರೆ ಎಂದು ಅವರು ಕೇಳಿದ್ದು. ಸಂಹಿತಾ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡರು.

"ಬೇರೆ ಎಷ್ಟು ಫಾರ್ಮ್ ಹೀಗೆ ಉಂಟು, ಡುಲ್ಸಿನಕ್ಕ?"

"ಆರು. ಪೂರ್ತಿ ಅಲ್ಲ, ಕೊನೆಯ ಮೂರು ನಾಲ್ಕು ಪ್ರಶ್ನೆ. ಯಾರ‍್ಯಾರದ್ದು ಅಂತ ಗೊತ್ತುಂಟು."

"ಆರೇ ಅಂತ ನಿಶ್ಚಯವಾ?"

"ಆರೇ."

ಹೇಳುವಾಗಲೇ, ತನ್ನ ಮಾತನ್ನು ಇನ್ನು ಇವರು ಹೇಗೆ ನಂಬಬೇಕು ಎಂದು ಡುಲ್ಸಿನ್‌ಗೆ ಹೊಳೆಯಿತು. ಸಂಹಿತಾರ ಮುಖದಲ್ಲೂ ಅದೇ ಇತ್ತು.

"ನಿಮ್ಮ ಕೈಯಲ್ಲಿ ಆದ ಇನ್ನೂರ ಹದಿನಾಲ್ಕು ಫಾರ್ಮನ್ನೂ ನಾನು ಬಿಡಬೇಕಾಗುತ್ತದೆ," ಎಂದರು ಸಂಹಿತಾ. "ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟ ಸಮಿತಿಗೆ ಬರೆಯಬೇಕು. ಒಂದು ವರ್ಷದ ಕೆಲಸ. ಬೈಯಬೇಕೆಂದು ಅನ್ನಿಸುತ್ತದೆ, ಬರುವುದಿಲ್ಲ. ಫಾರ್ಮ್ ಮಾತ್ರ ಇನ್ನು ನಿಮ್ಮ ಕೈಗೆ ಕೊಡಲಾರೆ."

"ಸರಿ ಮೇಡಂ. ನಾನು ಸರಿಯಾಗಿ ಕೇಳಿದ್ದರೆ ಅವರ ಕಾಲು ಉಳಿಯುತ್ತಿತ್ತಾ?"

"ಗೊತ್ತಿಲ್ಲ. ಅಂಕ ಅರವತ್ತು ಬಂದು, ನಾನು ಹೋಗಿ ಕೂತು ಮಾತಾಡಿದ್ದರೂ ಓಡುತ್ತಿದ್ದರೋ ಏನೋ. ಇನ್ನು ಅದು ಯಾರಿಗೂ ಗೊತ್ತಾಗುವುದಿಲ್ಲ." ಸಂಹಿತಾ ಮುಂದುವರಿಸಿದರು, "ಆಪರೇಷನ್ನಿನ ಒಪ್ಪಿಗೆ ಕಾಗದದಲ್ಲಿ ಅವರ ಹೆಬ್ಬೆಟ್ಟು ತೆಗೆದುಕೊಂಡದ್ದು ನಮ್ಮ ವಿಭಾಗ. ನನ್ನ ಹತ್ತಿರವೂ ಅವರು ಕೇಳಬಹುದಿತ್ತು. ನಾನು ಆ ವಾರ್ಡಿಗೆ ಹೋಗಲೇ ಇಲ್ಲ. ಕೆಂಪು ಚೀಟಿ ಇಲ್ಲವೆಂದು."

ಡುಲ್ಸಿನ್‌ಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇನ್ನೊಬ್ಬರಿಗೂ ಹಂಚಿದಂತಾಯಿತು ಎಂದಷ್ಟೇ ಅನ್ನಿಸಿತು.

ಫೆಬ್ರವರಿಯ ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಡುಲ್ಸಿನ್ ಹೂಡೆಗೆ ಹೋದರು. ಅಲ್ಲಿ ಹೋಗಿ ಎಂತ ಹೇಳುತ್ತೀ, ಆ ಮನುಷ್ಯನ ನೆಮ್ಮದಿ ಯಾಕೆ ಕೆಡಿಸುತ್ತೀ ಎಂದು ಬೆಂಜಮಿನ್ ಕೇಳಿದ್ದರು. ಆದರೆ ಸುಂದರ ಕೊಟ್ಟ ಐದು ಅಂಕ ಡುಲ್ಸಿನ್‌ರ ಮನಸ್ಸಿನಿಂದ ಹೋಗುತ್ತಿರಲಿಲ್ಲ.

ಮನೆ ಹೊಳೆಯ ಬದಿಯಲ್ಲಿತ್ತು. ಅಂಗಳದಲ್ಲಿ ಚೈತಾಲಿ ಬೇಯಿಸಿದ ಮರುವಾಯಿಯ ಚಿಪ್ಪು ಬಿಡಿಸುತ್ತಿದ್ದಳು. ಈಗ ಬೇರೆಯವರು ಹೆಕ್ಕಿ ತಂದದ್ದನ್ನು ಅವಳು ಬಿಡಿಸಿ ಕೊಡುತ್ತಿದ್ದಳು. ಸುಂದರ ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಬಾಯಮ್ಮ ಬಂದರು ಎಂದು ಅವರ ಮುಖ ಅರಳಿತು. ಅದು ಡುಲ್ಸಿನ್‌ಗೆ ಎಲ್ಲಕ್ಕಿಂತ ಕಷ್ಟವಾಯಿತು.

ನೀರು ಕುಡಿದು, ಹೇಳಬೇಕಾದ್ದನ್ನು ಹೇಳಿದರು. ಸುಂದರ ಕೇಳಿಸಿಕೊಂಡರು. ಚೈತಾಲಿಯ ಕೈ ನಿಂತಿತು.

"ಅಪ್ಪನಿಗೆ ಭಯ ಇಲ್ಲ ಅಂತ ನಾನೇ ಹೇಳಿದ್ದೆ," ಎಂದಳು ಅವಳು. "ನಾನು ಹೇಳಿದ್ದು ಮಗಳಾಗಿ. ನಿಮಗೆ ಅದು ಕೆಲಸ ಆಗಿತ್ತು, ಆಂಟಿ."

"ಹೌದು," ಎಂದರು ಡುಲ್ಸಿನ್.

"ಇದನ್ನು ಹೇಳಲಿಕ್ಕೆ ಇಲ್ಲಿಯವರೆಗೆ ಬರಬಾರದಿತ್ತು ನೀವು." ಚಿಪ್ಪಿನ ಬುಟ್ಟಿಯನ್ನು ಎತ್ತಿಕೊಂಡು ಚೈತಾಲಿ ಮನೆಯ ಹಿಂದೆ ಹೋದಳು. ಮತ್ತೆ ಎದುರಿಗೆ ಬರಲಿಲ್ಲ.

ಸುಂದರ ಹೊಳೆಯ ಕಡೆ ನೋಡುತ್ತಿದ್ದರು. "ಓಡಿದ್ದು ನನ್ನದೇ ಕಾಲಿನಲ್ಲಿ, ಬಾಯಮ್ಮ. ನೀವು ಹೊತ್ತುಕೊಂಡು ಹೋದದ್ದಲ್ಲ."

"ಯಾಕೆ ಓಡಿದಿರಿ?"

ಸುಂದರ ನಿಧಾನವಾಗಿ ಹೇಳಿದರು. ನೀರಿನಲ್ಲಿ ಸತ್ತವರ ಹೆಣವನ್ನು ಅವರು ನಾಲ್ಕೈದು ಸಲ ಮುಳುಗಿ ತೆಗೆದಿದ್ದರು. ಒಬ್ಬರದ್ದು ಪೂರ್ತಿ ಸಿಕ್ಕಿರಲಿಲ್ಲ. ಸಿಕ್ಕಷ್ಟನ್ನೇ ಸುಟ್ಟ ಮೇಲೆ ಆ ಮನೆಯ ಮುದುಕಿ ಉಳಿದದ್ದಕ್ಕೆ ಕಾದು ಎರಡು ದಿನ ಹೊಳೆಯ ದಡ ಬಿಟ್ಟು ಎದ್ದಿರಲಿಲ್ಲ. ತನ್ನ ಬೆರಳು ಯಾವುದೋ ಡಬ್ಬಿಯಲ್ಲಿ, ನಾಯಿ ಎಳೆಯುವ ಕಡೆ ಬಿದ್ದಿರುತ್ತದೆ ಎಂಬುದು ಆ ಗುರುವಾರವಿಡೀ ಅವರ ತಲೆಯಲ್ಲಿ ಕೂತಿತ್ತು. ಮಗಳ ಎದುರು ಕೇಳಲು ನಾಚಿಕೆ.

"ಹಾಗೆ ಹಾಕುವುದಿಲ್ಲ," ಎಂದರು ಡುಲ್ಸಿನ್. "ಹಳದಿ ಚೀಲದಲ್ಲಿ ಕಟ್ಟುತ್ತಾರೆ. ಮುಚ್ಚಿದ ಗಾಡಿ ಬರುತ್ತದೆ. ದೊಡ್ಡ ಒಲೆ ಉಂಟು, ಅದರಲ್ಲಿ ಸುಡುತ್ತಾರೆ. ಬೂದಿ ಮಾತ್ರ ಉಳಿಯುತ್ತದೆ. ಬೇರೆಯವರದ್ದೂ ಜೊತೆಗೆ ಇರುತ್ತದೆ, ಸುಳ್ಳು ಹೇಳುವುದಿಲ್ಲ."

"ಸುಡುತ್ತಾರಾ?"

"ಸುಡುತ್ತಾರೆ."

ಸುಂದರ ತಲೆಯಾಡಿಸಿದರು. "ಆ ದಿನ ಇಷ್ಟು ಹೇಳಿದ್ದರೆ ಸಾಕಿತ್ತು," ಎಂದರು. ಬೈಗುಳವಾಗಿ ಅಲ್ಲ, ಹೊಳೆಯಲ್ಲಿ ನೀರು ಎಷ್ಟು ಉಂಟು ಎಂದು ಹೇಳುವ ಹಾಗೆ. ಡುಲ್ಸಿನ್ ತಲೆ ತಗ್ಗಿಸಿ ಕೂತರು. ಆಮೇಲೆ ಸುಂದರ ಅವರ ಊರು ಯಾವುದು, ಬೆಳ್ಮಣ್ಣಿಗೆ ಎಷ್ಟು ಬಸ್ಸು ಬದಲಿಸಬೇಕು ಎಂದು ವಿಚಾರಿಸಿದರು.

ಆ ವರ್ಷ ಅಧ್ಯಯನ ಮತ್ತೆ ಮೊದಲಿನಿಂದ ಶುರುವಾಯಿತು. ಪ್ರಶ್ನೆ ಕೇಳಲು ಇಬ್ಬರು ಹೊಸಬರು ಬಂದರು. ಒಬ್ಬರಿಗೆ ದಿನಕ್ಕೆ ಐದಕ್ಕಿಂತ ಹೆಚ್ಚು ರೋಗಿಗಳು ಬೇಡ ಎಂದು ಸಂಹಿತಾ ಬರೆದಿಟ್ಟರು. ಪಟ್ಟಿಯ ಕೊನೆಯಲ್ಲಿ ಇಪ್ಪತ್ತೊಂದನೆಯ ಪ್ರಶ್ನೆಯೊಂದನ್ನೂ ಸೇರಿಸಿದರು, ಅಂಕವಿಲ್ಲದ್ದು: ನಿಮಗೆ ನಮ್ಮ ಹತ್ತಿರ ಎಂತಾದರೂ ಕೇಳಲಿಕ್ಕೆ ಉಂಟಾ? ಅದರ ತುಳು ರೂಪ ಸರಿಯಿದೆಯೇ ಎಂದು ನೋಡಿಕೊಡಲು ಡುಲ್ಸಿನ್‌ರನ್ನು ಕರೆದರು. ಅವರು ನೋಡಿ, ಒಂದು ಅಕ್ಷರ ತಿದ್ದಿ ಕೊಟ್ಟರು. ಮೊದಲ ಪುಟದಲ್ಲಿ ಈ ಸಲ ಅವರ ಹೆಸರು ಇರಲಿಲ್ಲ, ಇರಬೇಕೆಂದು ಅವರೂ ಬಯಸಲಿಲ್ಲ.

ಡುಲ್ಸಿನ್ ಈಗ ಮತ್ತೆ ಹೊರರೋಗಿಗಳ ಕಿಟಕಿಯಲ್ಲಿ ಚೀಟಿ ಬರೆಯುತ್ತಾರೆ. ಎರಡು ತಿಂಗಳಿಗೊಮ್ಮೆ ಸುಂದರ ಸಕ್ಕರೆ ಪರೀಕ್ಷೆಗೆ ಬರುತ್ತಾರೆ, ಕೃತಕ ಕಾಲು ಹಾಕಿಕೊಂಡು. ಕಿಟಕಿಯ ಹತ್ತಿರ ನಿಂತು ಎರಡು ಮಾತಾಡಿ ಹೋಗುತ್ತಾರೆ. ಚೈತಾಲಿ ಚೀಟಿಯನ್ನು ಪಕ್ಕದ ಕಿಟಕಿಯಲ್ಲೇ ಮಾಡಿಸುತ್ತಾಳೆ. ಸಾಲು ಎಷ್ಟು ಉದ್ದ ಇದ್ದರೂ ಅಲ್ಲಿಯೇ ನಿಲ್ಲುತ್ತಾಳೆ. ಡುಲ್ಸಿನ್ ಅವಳನ್ನು ಕರೆಯುವುದಿಲ್ಲ. ಅವಳ ಸರದಿ ಬರುವವರೆಗೆ ತಮ್ಮ ಮುಂದೆ ಬಂದವರ ಹೆಸರು, ಊರು, ವಯಸ್ಸು ಕೇಳಿ ಬರೆಯುತ್ತಿರುತ್ತಾರೆ.